ಹಾರ್ಟ್ ತೊಂದರೆ ಇರೋ ಮಗೂನ ಕೊಡಗಲ್ಲಿ, ಅದೂ ಮಳೆಗಾಲದಲ್ಲಿ, ಮನೇಲಿ ನೋಡ್ಕೊಳ್ಳೋದು ಹೇಗೆ

ಎಕೋ ಅಂದ್ರೆ ಹಾರ್ಟಿನ ಸ್ಕ್ಯಾನ್ ಮಾಡಿ, "ಮಗೂಗೆ ಹಾರ್ಟಲ್ಲಿ ಹೋಲ್ ಇದೆ, ಈ ಔಷಧಿ ಕೊಡ್ತಾ ಇರಿ, ಎರಡು ತಿಂಗಳು ಬಿಟ್ಟು ಬನ್ನಿ" ಅಂತ ಹೇಳಿ ಡಾಕ್ಟ್ರು ಕಳಿಸ್ತಾರೆ. ಆ ಎರಡು ತಿಂಗಳು ನೋಡ್ಕೊಳ್ಳೋದು ಯಾರು? ನಾವೇ. ಬೆಂಗಳೂರಲ್ಲಿರೋರು ಮಗು ಯಾಕೋ ಸುಸ್ತಾಗಿದೆ ಅನ್ನಿಸಿದ್ರೆ ಆಟೋ ಹತ್ತಿ ಆಸ್ಪತ್ರೆಗೆ ಹೋಗ್ಬಹುದು. ನಮ್ಗೆ ಶಾಂತಳ್ಳಿ ಕಡೆಯಿಂದ ಸೋಮವಾರಪೇಟೆಗೆ ಇಳಿದು, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರು ಮುಟ್ಟೋಷ್ಟರಲ್ಲಿ ಅರ್ಧ ದಿನ ಹೋಗಿರುತ್ತೆ, ಮಡಿಕೇರಿಯಿಂದಾನೇ ಮೈಸೂರಿಗೆ ಹತ್ತತ್ರ 120 ಕಿಲೋಮೀಟರ್, ಜಿಲ್ಲೇಲಿ ರೈಲಿಲ್ಲ, ಜುಲೈಲಿ ಮರ ಬಿದ್ದು ರೋಡ್ ಬಂದ್ ಆದ್ರೆ ಅದೂ ಇಲ್ಲ. 2018ರ ಆಗಸ್ಟಲ್ಲಿ ಸಂಪಾಜೆ ಕಡೆ ಗುಡ್ಡ ಕುಸಿದು ಮಂಗಳೂರು ರೋಡೇ ಕಟ್ ಆಗಿತ್ತಲ್ಲ, ಯಾರೂ ಮರೆತಿಲ್ಲ. ಹಾಗಾಗಿ ನಾನು ಹೇಳೋದು ಒಂದೇ, ಇಲ್ಲಿರೋ ತಂದೆ ತಾಯಿ ತೊಂದರೇನ ಒಂದು ದಿನ ಮುಂಚೇನೇ ಕಂಡುಹಿಡೀಬೇಕು. ಅದಕ್ಕೆ ಡಾಕ್ಟ್ರಾಗೋದೇನೂ ಬೇಡ, ನಮ್ಮ ಮಗು ಮಾಮೂಲಾಗಿ ಹೇಗಿರುತ್ತೆ ಅನ್ನೋದು ಲೆಕ್ಕ ಸಮೇತ ಗೊತ್ತಿದ್ರೆ ಸಾಕು.

ನಾನು ಡಾಕ್ಟ್ರಲ್ಲ, ವಿಎಸ್‌ಡಿ ಅನ್ನೋ ಹಾರ್ಟಿನ ತೂತು ಇದ್ದ ಮಗಳ ತಾಯಿ. ಅವಳಿಗೆ ಆಪರೇಷನ್ ಆಗಿದೆ, ಈಗ ಸ್ಕೂಲಿಗೆ ಹೋಗ್ತಾಳೆ. ಡೋಸು, ಔಷಧಿ ನಿಲ್ಲಿಸೋದು, ಶುರು ಮಾಡೋದು ಎಲ್ಲಾ ನಿಮ್ಮ ಡಾಕ್ಟ್ರು ಹೇಳಿದ್ ಹಾಗೇನೇ, ಇದನ್ನ ಓದ್ಕೊಂಡು ಏನೂ ಬದಲಾಯಿಸ್ಬೇಡಿ.

ಮೊದಲು ಹೆಸರು ಬರ್ಕೊಳ್ಳಿ

"ಹಾರ್ಟಲ್ಲಿ ಹೋಲ್" ಅನ್ನೋದು ಸಾಕಾಗಲ್ಲ. ಹುಟ್ಟೋ ನೂರು ಮಕ್ಕಳಲ್ಲಿ ಹೆಚ್ಚುಕಮ್ಮಿ ಒಂದು ಮಗೂಗೆ ಏನಾದ್ರೂ ಒಂದು ಹಾರ್ಟ್ ದೋಷ ಇರುತ್ತೆ, ಆದ್ರೆ ಒಂದೊಂದೂ ಬೇರೆ ಬೇರೆ. ಕೆಳಗಿನ ಎರಡು ಕೋಣೆ ಮಧ್ಯೆ ತೂತಿದ್ರೆ ವಿಎಸ್‌ಡಿ, ಮೇಲಿನ ಕೋಣೆ ಮಧ್ಯೆ ಇದ್ರೆ ಎಎಸ್‌ಡಿ, ಹುಟ್ಟಿದ್ಮೇಲೆ ಮುಚ್ಕೊಳ್ಬೇಕಾದ ನಾಳ ಮುಚ್ಕೊಳ್ದೇ ಉಳಿದ್ರೆ ಪಿಡಿಎ. ಇವುಗಳಲ್ಲಿ ರಕ್ತ ಶ್ವಾಸಕೋಶದ ಕಡೆಗೆ ಜಾಸ್ತಿ ಹೋಗುತ್ತೆ, ತೂತು ದೊಡ್ಡದಿದ್ರೆ ಮಗು ಏದುಸಿರು ಬಿಡುತ್ತೆ, ಬೆವರುತ್ತೆ, ತೂಕ ಏರಲ್ಲ, ಪದೇ ಪದೇ ಕಫ ನ್ಯುಮೋನಿಯಾ, ಆದ್ರೆ ಬಣ್ಣ ಚೆನ್ನಾಗೇ ಇರುತ್ತೆ. ಟೆಟ್ರಾಲಜಿ ಅಂದ್ರೆ ಟಿಓಎಫ್ ಥರದ್ದು ಇನ್ನೊಂದು ಗುಂಪು, ಅಲ್ಲಿ ಆಕ್ಸಿಜನ್ ಕಮ್ಮಿ ಇರೋ ರಕ್ತ ಮೈಗೆ ಹೋಗೋದ್ರಿಂದ ತುಟಿ ನಾಲಿಗೆ ನೀಲಿಗಟ್ಟುತ್ತೆ. ಈ ಎರಡು ಗುಂಪಿನ ಮಕ್ಕಳನ್ನ ನೋಡ್ಕೊಳ್ಳೋ ರೀತೀನೇ ಬೇರೆ, ಅದಕ್ಕೆ ಪಕ್ಕದ ತೋಟದವರ ಮಗೂಗೆ ಏನು ಹೇಳಿದ್ರೋ ಅದು ನಮ್ಮ ಮಗೂಗೆ ಆಗ್ಬೇಕಂತಿಲ್ಲ.

ಡಾಕ್ಟ್ರ ಹತ್ರ ಕೂತಾಗ್ಲೇ ಕೇಳಿ ಬರೆಸ್ಕೊಳ್ಳಿ: ದೋಷದ ಹೆಸರೇನು, ತಾನಾಗೇ ಮುಚ್ಕೊಳ್ಳೋ ಥರದ್ದಾ (ಸಣ್ಣ ವಿಎಸ್‌ಡಿ ಎಷ್ಟೋ ಮುಚ್ಕೊಳ್ತವೆ), ಆಪರೇಷನ್ ಬೇಕಂದ್ರೆ ಯಾವ ವಯಸ್ಸಲ್ಲಿ, ನಮ್ಮ ಮಗೂಗೆ ಆಕ್ಸಿಜನ್ ಲೆವೆಲ್ ಎಷ್ಟಿದ್ರೆ ಸರಿ, ಎಷ್ಟಕ್ಕೆ ಇಳಿದ್ರೆ ಹೊರಡ್ಬೇಕು. ಕೊನೇದನ್ನ ಕೇಳೋಕೆ ಹೆಚ್ಚಿನವರು ಮರೀತಾರೆ. ಟಿಓಎಫ್ ಮಗೂಗೆ 80 ಚಿಲ್ಲರೆ ತೋರಿಸೋದು ಮಾಮೂಲಿರಬಹುದು, ವಿಎಸ್‌ಡಿ ಮಗೂಗೆ ಅದೇ ನಂಬರ್ ಬಂದ್ರೆ ಗಾಬರಿ ಪಡೋ ವಿಷಯ. ಆಪರೇಷನ್ ವಯಸ್ಸು ಯಾಕೆ ಅಂದ್ರೆ, "ಸ್ವಲ್ಪ ಮೈ ಕೈ ತುಂಬ್ಕೊಳ್ಳಲಿ ಆಮೇಲೆ ಮಾಡಿಸೋಣ" ಅಂತ ಮನೇಲಿ ದೊಡ್ಡವರು ಹೇಳೇ ಹೇಳ್ತಾರೆ. ದೊಡ್ಡ ವಿಎಸ್‌ಡಿನ ವರ್ಷಗಟ್ಟಲೆ ಹಾಗೇ ಬಿಟ್ರೆ ಶ್ವಾಸಕೋಶದ ರಕ್ತನಾಳ ಗಟ್ಟಿಯಾಗಿ, ಆಮೇಲೆ ತೂತು ಮುಚ್ಚೋಕೇ ಆಗ್ದಿರೋ ಸ್ಥಿತಿ ಬರುತ್ತೆ. ಡಾಕ್ಟ್ರು ಆರು ತಿಂಗಳೊಳಗೆ ಅಂದ್ರೆ ಆರು ತಿಂಗಳೊಳಗೇ, ಹುತ್ತರಿ ಕಳೀಲಿ, ಕಾಫಿ ಕುಯ್ಲು ಮುಗೀಲಿ ಅಂತೆಲ್ಲ ಮುಂದೂಡೋ ವಿಷಯ ಅಲ್ಲ.

ಉಸಿರು ಎಣಿಸೋದು

ಇದೊಂದು ಕಲಿತ್ಕೊಂಡ್ರೆ ಅರ್ಧ ಕೆಲಸ ಮುಗೀತು. ಮಗು ಮಲಗಿದ್ದಾಗ, ಹಾಲು ಕುಡಿದ ತಕ್ಷಣ ಅಲ್ಲ, ಅಳ್ತಿರೋವಾಗಂತೂ ಅಲ್ಲ, ಒಳ್ಳೇ ನಿದ್ದೇಲಿದ್ದಾಗ ಶಾಲು ಕಂಬಳಿ ಸ್ವೆಟರ್ ಎಲ್ಲಾ ಸರಿಸಿ ಹೊಟ್ಟೆ ಎದೆ ಕಾಣೋ ಹಾಗೆ ಮಾಡಿ, ಮೊಬೈಲಲ್ಲಿ ಟೈಮರ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹೊಟ್ಟೆ ಒಂದ್ಸಲ ಉಬ್ಬಿ ಇಳಿದ್ರೆ ಒಂದು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು ಬೇಡ, ಸಣ್ಣ ಮಕ್ಕಳು ಒಂದೊಂದ್ಸಲ ಬೇಗ ಬೇಗ ಉಸಿರಾಡಿ ಮಧ್ಯೆ ನಿಲ್ಲಿಸ್ತವೆ, ಲೆಕ್ಕ ತಪ್ಪುತ್ತೆ. ನಮ್ಮ ಮಳೆಗಾಲದಲ್ಲಿ ಮಗೂಗೆ ನಾಲ್ಕು ಪದರ ಸುತ್ತಿರ್ತೀವಲ್ಲ, ಮೇಲಿಂದ ನೋಡಿ "ಚೆನ್ನಾಗೇ ಮಲಗಿದೆ" ಅನ್ಕೊಳ್ಳೋದು ಸುಲಭ. ಒಳಗೆ ಪಕ್ಕೆಲುಬಿನ ಕೆಳಗೆ ಪ್ರತಿ ಉಸಿರಿಗೂ ಚರ್ಮ ಒಳಗೆ ಎಳ್ಕೊಳ್ತಿರುತ್ತೆ, ಅದು ಬಟ್ಟೆ ಬಿಚ್ಚಿದ್ರೆ ಮಾತ್ರ ಕಾಣೋದು.

ಆರೋಗ್ಯ ಇಲಾಖೆಯವರು ಆಶಾ ಕಾರ್ಯಕರ್ತೆಯರಿಗೆ ಹೇಳ್ಕೊಡೋ ಲೆಕ್ಕ ಹೀಗಿದೆ: ಎರಡು ತಿಂಗಳೊಳಗಿನ ಮಗೂಗೆ ನಿಮಿಷಕ್ಕೆ 60 ಅಥವಾ ಮೇಲೆ, ಎರಡರಿಂದ ಹನ್ನೆರಡು ತಿಂಗಳಿಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷಕ್ಕೆ 40 ಅಥವಾ ಮೇಲೆ ಬಂದ್ರೆ ವೇಗದ ಉಸಿರು. ಆದ್ರೆ ದೊಡ್ಡ ವಿಎಸ್‌ಡಿ ಇರೋ ಮಗು ಚೆನ್ನಾಗಿರೋ ದಿನಾನೂ 55 ತೋರಿಸ್ಬಹುದು, ಅದಕ್ಕೆ ದಿನಾ ಒಂದೇ ಹೊತ್ತಿಗೆ ಎಣಿಸಿ ಗೋಡೆ ಕ್ಯಾಲೆಂಡರಲ್ಲಿ ಆ ತಾರೀಕಿನ ಚೌಕದೊಳಗೇ ಬರೀರಿ. 52, 54, 53, 55 ಅಂತ ಹೋಗ್ತಿದ್ದದ್ದು ಒಂದಿನ 64 ಆಯ್ತು, ಮರುದಿನ 66 ಅಂದ್ರೆ, ಮಗು ನಗ್ತಾ ಇದ್ರೂ ಸರಿ, ಫೋನ್ ಮಾಡೋ ಹೊತ್ತು ಬಂತು. ಈ ಕ್ಯಾಲೆಂಡರ್ ಹಾಳೆ ಫೋಟೋ ತೆಗೆದು ಡಾಕ್ಟ್ರಿಗೆ ಕಳಿಸಿದ್ರೆ "ಮಗು ಯಾಕೋ ಸರಿ ಇಲ್ಲ ಸಾರ್" ಅನ್ನೋದಕ್ಕಿಂತ ಹತ್ತು ಪಟ್ಟು ಬೇಗ ಉತ್ತರ ಬರುತ್ತೆ, ಅದು ನಾನು ಕಂಡಿರೋದು.

ಬಣ್ಣ ನೋಡೋದು ಇನ್ನೊಂದು. ಡಿಸೆಂಬರ್ ಬೆಳಗ್ಗೆ ನಮ್ಮ ಕಡೆ ಎಲ್ಲಾ ಮಕ್ಕಳ ಕೈ ಕಾಲೂ ಸ್ವಲ್ಪ ನೀಲಿಯಾಗೇ ಇರುತ್ತೆ, ಅದು ಥಂಡಿಗೆ. ನೋಡ್ಬೇಕಾದ್ದು ನಾಲಿಗೆ, ಒಳ ತುಟಿ, ವಸಡು. ಟ್ಯೂಬ್‌ಲೈಟ್ ಕೆಳಗಲ್ಲ, ಕಿಟಕಿ ಹತ್ರ ಹಗಲು ಬೆಳಕಲ್ಲಿ. ಮನೇಲಿ ಆಕ್ಸಿಮೀಟರ್ ಇಟ್ಕೊಂಡಿದ್ರೆ, ದೊಡ್ಡವರ ಬೆರಳಿಗೆ ಹಾಕೋ ಕ್ಲಿಪ್ ಶಿಶುಗೆ ಸರಿಯಾಗಿ ಕೂರಲ್ಲ, ಸಣ್ಣ ಮಕ್ಕಳ ಪಾದಕ್ಕೆ ಸುತ್ತೋ ಪ್ರೋಬ್ ಇರೋದನ್ನ ಡಾಕ್ಟ್ರನ್ನ ಕೇಳಿ ತಗೊಳ್ಳಿ. ಪಾದ ತಣ್ಣಗಿದ್ರೆ ತಪ್ಪು ನಂಬರ್ ಕೊಡುತ್ತೆ, ಅಂಗೈಲಿ ಹಿಡಿದು ಬೆಚ್ಚಗೆ ಮಾಡಿ, ಕಾಲು ಅಲ್ಲಾಡೋದು ನಿಲ್ಲಲಿ, ನಂಬರ್ ಒಂದು ಕಡೆ ನಿಂತ್ಮೇಲೆ ಓದಿ. 71 ತೋರಿಸ್ತು ಅಂತ ರಾತ್ರಿ ಜೀಪ್ ಹತ್ತಿ ಹೋದೋರಿಗೆ ಅಲ್ಲಿ 96 ಬಂದಿದ್ದೂ ಇದೆ. ಮೆಷಿನ್ ಜೊತೆ ಮಗು ಮುಖಾನೂ ನೋಡಿ.

ಹಾಲು, ಊಟ, ತೂಕ

ಶಿಶುಗೆ ಹಾಲು ಕುಡಿಯೋದೇ ದೊಡ್ಡ ಕೆಲಸ, ನಮ್ಗೆ ಗುಡ್ಡ ಹತ್ತಿದ ಹಾಗೆ. ಎರಡು ಮೂರು ಸಲ ಚೀಪುತ್ತೆ, ಬಿಡುತ್ತೆ, ಉಸಿರು ತಗೊಳ್ಳುತ್ತೆ, ಮತ್ತೆ ಹಿಡಿಯುತ್ತೆ, ಹಣೆ ಮೇಲೆ ಕೂದಲಿನ ಬುಡದಲ್ಲಿ ಸಣ್ಣ ಸಣ್ಣ ಬೆವರ ಹನಿ, ಹೊರಗೆ ಥಂಡಿ ಗಾಳಿ ಬೀಸ್ತಿದ್ರೂ. ಆಮೇಲೆ ಹೊಟ್ಟೆ ತುಂಬಿದ್ದಕ್ಕಲ್ಲ, ಸುಸ್ತಿಗೆ ನಿದ್ದೆ ಹೋಗುತ್ತೆ. ನಮ್ಮ ಕಡೆ ಒಬ್ರು ಡಾಕ್ಟ್ರು ಇದನ್ನೆಲ್ಲ ಕೇಳಿ "ಮಗು ವೀಕ್ ಇದೆ" ಅಂತ ಟಾನಿಕ್ ಬರೆದುಕೊಟ್ಟಿದ್ರು, ಎದೆಗೆ ಸ್ಟೆತೊಸ್ಕೋಪ್ ಇಡ್ಲೂ ಇಲ್ಲ. ಹಾಲು ಕುಡಿಯೋವಾಗ ಹಣೆ ಬೆವರೋದು, ಮಧ್ಯೆ ಮಧ್ಯೆ ನಿಲ್ಲಿಸೋದು, ಇವೆರಡು ಯಾವ ಮಗೂಲಿ ಕಂಡ್ರೂ ಹಾರ್ಟ್ ನೋಡಿಸಿ ಅಂತ ನೀವೇ ಕೇಳಿ.

ಒಂದ್ಸಲ ಕುಡಿಸೋಕೆ ಇಪ್ಪತ್ತು ನಿಮಿಷ, ಹೆಚ್ಚಂದ್ರೆ ಅರ್ಧ ಗಂಟೆ. ಅದಕ್ಕಿಂತ ಎಳೆದ್ರೆ ಒಳಗೆ ಹೋದ ಶಕ್ತಿ ಕುಡಿಯೋ ಶ್ರಮಕ್ಕೇ ಖರ್ಚಾಗುತ್ತೆ. ಉಳಿದ ಹಾಲನ್ನ ಹಿಂಡಿ ತೆಗೆದು ಒಳಲೇಲಿ ಕುಡಿಸಿ. ಅಜ್ಜಿಯರ ಕಾಲದ ಒಳಲೆ ಮನೇಲಿ ಅಟ್ಟದ ಮೇಲಿದ್ರೆ ಇಳಿಸಿ, ಕುದಿಯೋ ನೀರಲ್ಲಿ ಕುದಿಸಿ ಬಳಸಿ, ಬಾಟ್ಲಿಗಿಂತ ಎಷ್ಟೋ ವಾಸಿ. ಮಗೂನ ಮಲಗಿಸಿ ಕುಡಿಸ್ಬೇಡಿ, ತಲೆ ಎದೆ ಮೇಲಾಗೋ ಹಾಗೆ ಓರೆಯಾಗಿ ಹಿಡ್ಕೊಳ್ಳಿ, ಕೆನ್ನೆ ಒಳಗಿಂದ ಸ್ವಲ್ಪ ಸ್ವಲ್ಪ ಬಿಡಿ, ನುಂಗಿದ್ಮೇಲೆ ಇನ್ನೊಂದು ಗುಟುಕು. ಎರಡು ಮೂರು ಗಂಟೆಗೊಂದ್ಸಲ, ರಾತ್ರೀನೂ ಎಬ್ಬಿಸಿ. ಹಾಲಿಗೆ ನೀರು ಸೇರಿಸೋದು ಬೇಡ್ವೇ ಬೇಡ. ಹಾಲಿಗೆ ಪುಡಿ, ಎಣ್ಣೆ ಸೇರಿಸಿ ಶಕ್ತಿ ಹೆಚ್ಚಿಸೋ ಕ್ರಮ ಇದೆ, ಆದ್ರೆ ಅಳತೆ ಡಾಕ್ಟ್ರೇ ಹೇಳ್ಬೇಕು. ಅದ್ರಲ್ಲೂ ತೂಕ ಏರ್ದಿದ್ರೆ ಕೆಲವು ಮಕ್ಕಳಿಗೆ ಮೂಗಿಗೆ ಟ್ಯೂಬ್ ಹಾಕಿ ಕುಡಿಸ್ತಾರೆ, ನೋಡೋಕೆ ಕಷ್ಟ ಆಗುತ್ತೆ, ನೆಂಟರು ಬಾಯಿ ಮೇಲೆ ಕೈ ಇಟ್ಕೊಳ್ತಾರೆ, ಪರವಾಗಿಲ್ಲ, ಆಪರೇಷನ್‌ಗೆ ಬೇಕಾದ ತೂಕ ಅದ್ರಿಂದಾನೇ ಬರೋದು.

ಆರು ತಿಂಗಳಾದ್ಮೇಲೆ ನೀರು ನೀರು ಗಂಜಿ ಕೊಟ್ರೆ ಪುಟ್ಟ ಹೊಟ್ಟೆ ತುಂಬುತ್ತೆ ಅಷ್ಟೇ, ಮೈಗೆ ಹಿಡಿಯಲ್ಲ. ಗಟ್ಟಿಯಾಗಿ ಕಾಸಿದ ರಾಗಿ ಸರಿಗೆ ತುಪ್ಪ, ಬೇಯಿಸಿ ಕಿವುಚಿದ ನೇಂದ್ರ ಬಾಳೆಹಣ್ಣು, ಮೆತ್ತಗೆ ಹಿಸುಕಿದ ಪಾಪುಟ್ಟಿಗೆ ಬೇಳೆ ಕಟ್ಟು, ಮೊಟ್ಟೆ ಹಳದಿ, ಇಂಥದ್ದು ಸ್ವಲ್ಪ ಸ್ವಲ್ಪ ಐದಾರು ಸಲ. ಒಂದು ವರ್ಷದೊಳಗೆ ಉಪ್ಪು ಬೇಡ, ಜೇನು ಬೇಡ. ಕೊಡಗಿನ ಜೇನು ಎಷ್ಟೇ ಫೇಮಸ್ಸಾದ್ರೂ ಶಿಶುಗೆ ಬೇಡ, ಅದ್ರಿಂದ ಬೊಟುಲಿಸಮ್ ಅನ್ನೋ ಅಪಾಯದ ಕಾಯಿಲೆ ಬರಬಹುದು. ಬಜೆ ತೇಯ್ದು ನೆಕ್ಕಿಸೋದು, ಥಂಡಿಗೆ ಅಂತ ಬ್ರಾಂದಿ ಒಂದು ಹನಿ ಇವನ್ನ ಯಾರು ಎಷ್ಟು ಪ್ರೀತಿಯಿಂದ ಹೇಳಿದ್ರೂ ತಲೆ ಆಡಿಸಿ ಸುಮ್ನಿರಿ, ಕೊಡ್ಬೇಡಿ.

ತೂಕ ವಾರಕ್ಕೊಂದ್ಸಲ, ಅಂಗನವಾಡೀಲಿ, ಅದೇ ತಕ್ಕಡೀಲಿ, ಬಟ್ಟೆ ಬಿಚ್ಚಿ. ಆರೋಗ್ಯವಾಗಿರೋ ಶಿಶು ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರುತ್ತೆ, ನಮ್ಮ ಮಕ್ಕಳು ಅಷ್ಟು ಏರದೇ ಇರಬಹುದು, ಆದ್ರೆ ಗೆರೆ ಮೇಲೆ ಹೋಗ್ತಿರ್ಬೇಕು. ಉಲ್ಟಾ, ಒಂದೆರಡು ದಿನದಲ್ಲಿ ದಿಢೀರಂತ ತೂಕ ಏರಿ, ಕಣ್ಣಿನ ಸುತ್ತ ಊದಿ, ಡೈಪರ್ ಕಮ್ಮಿ ಒದ್ದೆಯಾದ್ರೆ ಅದು ಮೈ ಹತ್ತಿದ್ದಲ್ಲ, ನೀರು ನಿಂತಿರೋದು. ಅವತ್ತೇ ಫೋನ್ ಮಾಡಿ.

ಔಷಧಿ

ಸಾಮಾನ್ಯವಾಗಿ ಬರೆಯೋದು ಲಾಸಿಕ್ಸ್ ಅಂದ್ರೆ ಫ್ರುಸೆಮೈಡ್, ಅಲ್ಡಾಕ್ಟೋನ್, ಎನಲಾಪ್ರಿಲ್, ಕೆಲವರಿಗೆ ಡಿಗಾಕ್ಸಿನ್, ಟಿಓಎಫ್ ಮಕ್ಕಳಿಗೆ ಪ್ರೊಪ್ರನಲಾಲ್. ಡೋಸ್ ಎಂಎಲ್‌ನಲ್ಲಿ ಹೇಳಿದ್ರಾ ಎಂಜಿನಲ್ಲಿ ಹೇಳಿದ್ರಾ ಅನ್ನೋದು ಖಚಿತ ಮಾಡ್ಕೊಳ್ಳಿ, ಅಲ್ಲೇ ನರ್ಸ್ ಹತ್ರ ಸೂಜಿ ಇಲ್ಲದ 1 ಎಂಎಲ್ ಸಿರಿಂಜಲ್ಲಿ ಎಳೆದು ತೋರಿಸಿ ಅಂತ ಕೇಳಿ, ಆ ಗೆರೆ ಮೇಲೆ ಮಾರ್ಕರಲ್ಲಿ ಗುರುತು ಹಾಕ್ಕೊಳ್ಳಿ. ಮುಚ್ಚಳ, ಚಮಚದ ಅಳತೆ ನಡೆಯಲ್ಲ. ಬೇರೆ ಅಂಗಡೀಲಿ ಬೇರೆ ಕಂಪನೀದು ಕೊಟ್ರೆ ಎಂಎಲ್‌ಗೆ ಎಷ್ಟು ಎಂಜಿ ಅಂತ ಬಾಟ್ಲಿ ಮೇಲೆ ಓದಿ, ಬೇರೆಯಾಗಿದ್ರೆ ಡಾಕ್ಟ್ರನ್ನ ಕೇಳ್ದೇ ಕೊಡ್ಬೇಡಿ. ಮಾತ್ರೆ ಪುಡಿ ಮಾಡಿ ಪೊಟ್ಟಣ ಕಟ್ಕೊಡೋ ಕಡೆ, ಪೊಟ್ಟಣಗಳನ್ನ ಡಬ್ಬೀಲಿ ಅಕ್ಕಿ ಹಾಕಿ ಇಡಿ, ಇಲ್ಲಾಂದ್ರೆ ನಮ್ಮ ಮಳೆಗೆ ಉಪ್ಪೇ ನೀರಾಗುತ್ತೆ, ಇನ್ನು ಪುಡಿ ಉಳಿಯುತ್ತಾ.

ಡಿಗಾಕ್ಸಿನ್ ವಿಷಯದಲ್ಲಿ ಬಹಳ ಹುಷಾರು. ಸರಿಯಾದ ಡೋಸಿಗೂ ವಿಷ ಆಗೋ ಡೋಸಿಗೂ ಅಂತರ ಕಮ್ಮಿ. ಕೊಟ್ಟ ಮೇಲೆ ಮಗು ಕಕ್ಕಿದ್ರೆ ಮತ್ತೆ ಕೊಡ್ಬೇಡಿ, ಒಂದು ಹೊತ್ತು ಮರೆತ್ರೆ ಮುಂದಿನ ಹೊತ್ತಿಗೆ ಡಬಲ್ ಮಾಡ್ಬೇಡಿ. ಮಗು ಕಾರಣ ಇಲ್ದೇ ಕಕ್ತಾ ಇದ್ರೆ, ಹಾಲು ಬೇಡ ಅಂದ್ರೆ, ತುಂಬಾ ಮಂಕಾದ್ರೆ ಡಿಗಾಕ್ಸಿನ್ ಜಾಸ್ತಿಯಾಗಿರಬಹುದು, ಡಾಕ್ಟ್ರಿಗೆ ಹೇಳಿ. ಮನೇಲಿ ಅತ್ತೇನೂ ಕೊಡ್ತಾರೆ ನಾವೂ ಕೊಡ್ತೀವಿ ಅಂದ್ರೆ ಎರಡು ಸಲ ಹೋಗೋ ಅಪಾಯ, ಕೊಟ್ಟೋರು ಕ್ಯಾಲೆಂಡರಲ್ಲಿ ಟಿಕ್ ಹಾಕ್ಬೇಕು, ಟಿಕ್ ಇಲ್ದೇ ಬಾಟ್ಲಿ ಮುಚ್ಚಳ ಹಾಕೋ ಹಾಗಿಲ್ಲ. ನಮ್ಮ ಅತ್ತೆಗೆ ಮೊದಮೊದಲು "ನಾನೇನು ಸ್ಕೂಲ್ ಹುಡುಗೀನಾ" ಅಂತ ಕೋಪ ಬಂದಿತ್ತು, ಆಮೇಲೆ ನನಗಿಂತ ಅವರೇ ಸ್ಟ್ರಿಕ್ಟ್ ಆದ್ರು.

ಎನಲಾಪ್ರಿಲ್, ಅಲ್ಡಾಕ್ಟೋನ್ ತಗೊಳ್ಳೋ ಮಗೂಗೆ ಎಳನೀರು ಒಳ್ಳೇದು ಅಂತ ದಿನಾ ಕುಡಿಸೋಕೆ ಹೋಗ್ಬೇಡಿ. ಆ ಔಷಧಿಗಳು ರಕ್ತದಲ್ಲಿ ಪೊಟ್ಯಾಶಿಯಂ ಉಳಿಸ್ತವೆ, ಎಳನೀರಲ್ಲೂ ಅದೇ ಜಾಸ್ತಿ, ಹಾರ್ಟಿನ ಬಡಿತ ಏರುಪೇರಾಗುತ್ತೆ, ಕೇಳಿ ಕೊಡಿ. ಶೀತಕ್ಕೆ ಅಂತ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಹಾಕೋದು ಬೇಡ, ಮೂಗು ಕಟ್ಟಿದ್ದು ಬಿಡಿಸೋ ಕೆಲವು ಔಷಧಿ ಹಾರ್ಟ್ ಬಡಿತ ಜೋರು ಮಾಡ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ತೂಕಕ್ಕೆ ತಕ್ಕ ಹಾಗೆ ಎಷ್ಟು ಅಂತ ಮುಂಚೇನೇ ಬರೆಸ್ಕೊಂಡಿರಿ. ಭೇದಿ ಶುರುವಾದ್ರೆ ಓಆರ್‌ಎಸ್ ಕೊಡ್ತಾನೇ ಡಾಕ್ಟ್ರಿಗೆ ಫೋನ್ ಮಾಡಿ, ಲಾಸಿಕ್ಸ್ ಥರದ ನೀರು ಇಳಿಸೋ ಔಷಧಿ ಮುಂದುವರಿಸ್ಬೇಕಾ ನಿಲ್ಲಿಸ್ಬೇಕಾ ಅನ್ನೋದು ಅವರು ಹೇಳ್ಬೇಕು. ಟಿಓಎಫ್ ಥರದ ನೀಲಿ ಮಕ್ಕಳಿಗಂತೂ ಮೈಯಲ್ಲಿ ನೀರು ಕಮ್ಮಿ ಆಗ್ಲೇಬಾರದು, ಅವರ ರಕ್ತ ಮೊದಲೇ ಗಟ್ಟಿ, ಹೆಪ್ಪುಗಟ್ಟಿ ಮೆದುಳಿಗೆ ಹೋಗೋ ಅಪಾಯ ಇದೆ.

ನೀಲಿ ಮಗು ಇದ್ದಕ್ಕಿದ್ದ ಹಾಗೆ ಕಪ್ಪಾದ್ರೆ

ಟಿಓಎಫ್ ಮಕ್ಕಳ ತಂದೆ ತಾಯಿ ಇದನ್ನ ಬಾಯಿಪಾಠ ಮಾಡ್ಕೊಂಡಿರ್ಬೇಕು. ಡಾಕ್ಟ್ರು ಸ್ಪೆಲ್ ಅಂತಾರೆ. ಹೆಚ್ಚಾಗಿ ಬೆಳಗ್ಗೆ ಎದ್ದು ಅತ್ತಾಗ, ಹಾಲು ಕುಡಿದಾಗ, ಮುಕ್ಕಿ ಕಕ್ಕಸು ಮಾಡಿದಾಗ ಬರುತ್ತೆ. ಅಳು ನಿಲ್ಲಲ್ಲ, ಉಸಿರು ಆಳವಾಗಿ ಬೇಗ ಬೇಗ, ಬಣ್ಣ ಕಡು ನೀಲಿಗೆ ತಿರುಗುತ್ತೆ, ಆಮೇಲೆ ಮಗು ಜೋತುಬೀಳುತ್ತೆ. ತಕ್ಷಣ ಮಗೂನ ಎದೆಗೆ ಅವಚ್ಕೊಂಡು ಎರಡು ಮೊಣಕಾಲೂ ಮಡಚಿ ಅದರ ಎದೆಗೇ ಒತ್ತಿ ಹಿಡೀರಿ, ಅಥವಾ ಪಕ್ಕಕ್ಕೆ ಮಲಗಿಸಿ ಹಾಗೇ ಮಡಚಿ. ಹೀಗೆ ಮಾಡಿದ್ರೆ ಕಾಲಿನ ಕಡೆ ಹೋಗೋ ರಕ್ತಕ್ಕೆ ತಡೆಯಾಗಿ ಶ್ವಾಸಕೋಶದ ಕಡೆ ಹೆಚ್ಚು ಹೋಗುತ್ತೆ. ದೊಡ್ಡ ಮಕ್ಕಳು ಓಡಾಡ್ತಾ ಓಡಾಡ್ತಾ ತಾವೇ ಕುಕ್ಕರುಗಾಲಲ್ಲಿ ಕೂತ್ಕೊಳ್ತಾರಲ್ಲ, ಅದೇ ಕಾರಣಕ್ಕೆ, ಎಬ್ಬಿಸ್ಬೇಡಿ. ಮೆಲ್ಲಗೆ ಮಾತಾಡಿ, ಸಮಾಧಾನ ಮಾಡಿ. ಕೆನ್ನೆಗೆ ಹೊಡೆಯೋದು, ಮುಖಕ್ಕೆ ನೀರು ಎರಚೋದು, ಈರುಳ್ಳಿ ಮೂಸಿಸೋದು, ಸುತ್ತ ಹತ್ತು ಜನ ಸೇರಿ ಕೂಗೋದು ಇವೆಲ್ಲ ಅಳು ಜಾಸ್ತಿ ಮಾಡ್ತವೆ, ಅಳು ಜಾಸ್ತಿಯಾದ್ರೆ ಸ್ಪೆಲ್ ಜಾಸ್ತಿ. ಒಬ್ರು 108ಕ್ಕೆ ಫೋನ್ ಮಾಡ್ಲಿ. ಕೆಲವೇ ನಿಮಿಷದಲ್ಲಿ ಸರಿಹೋದ್ರೂ ಅವತ್ತೇ ಡಾಕ್ಟ್ರಿಗೆ ತಿಳಿಸಿ, ಒಂದು ಸ್ಪೆಲ್ ಬಂದ ಮಗೂಗೆ ಆಪರೇಷನ್ ಇನ್ನೂ ಬೇಗ ಮಾಡೋ ಸಾಧ್ಯತೆ ಇದೆ. ಕಬ್ಬಿಣಾಂಶ ಕಮ್ಮಿ ಇದ್ರೆ ಸ್ಪೆಲ್ ಹೆಚ್ಚು, ಹಾಗಾಗಿ ಹಿಮೋಗ್ಲೋಬಿನ್ ನೋಡೋಕೆ ಹೇಳಿದ್ರೆ ತಪ್ಪಿಸ್ಬೇಡಿ.

ಹಲ್ಲು, ಲಸಿಕೆ, ಹೊಗೆ

ಹಲ್ಲಿಗೂ ಹಾರ್ಟಿಗೂ ಏನು ಸಂಬಂಧ ಅಂತ ಎಲ್ಲರೂ ಕೇಳ್ತಾರೆ. ಹುಳುಕು ಹಲ್ಲಿಂದ ರಕ್ತಕ್ಕೆ ಸೇರೋ ಬ್ಯಾಕ್ಟೀರಿಯಾ ಹಾರ್ಟಿನ ದೋಷ ಇರೋ ಜಾಗದಲ್ಲಿ ಹೋಗಿ ಕೂತು ಎಂಡೋಕಾರ್ಡೈಟಿಸ್ ಅನ್ನೋ ಸೋಂಕು ಮಾಡುತ್ತೆ, ಪ್ರಾಣಕ್ಕೇ ಸಂಚಕಾರ. ಮೊದಲ ಹಲ್ಲು ಬಂದ ದಿನದಿಂದಾನೇ ಅಕ್ಕಿಕಾಳಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ಉಜ್ಜಿ. ಹಲ್ಲು ಕೀಳಿಸೋಕೆ ಹೋದಾಗ ಹಾರ್ಟ್ ವಿಷಯ ಮೊದಲೇ ಹೇಳಿ, ನೀಲಿ ಮಕ್ಕಳಿಗೆ, ತೂತಿಗೆ ಪ್ಯಾಚ್ ಹಾಕಿ ಆರು ತಿಂಗಳಾಗ್ದಿರೋರಿಗೆ, ಕೃತಕ ವಾಲ್ವ್ ಇರೋರಿಗೆ ಮುಂಚೆ ಆಂಟಿಬಯಾಟಿಕ್ ಕೊಡ್ತಾರೆ. ಕಾರಣ ಗೊತ್ತಾಗ್ದಿರೋ ಜ್ವರ ಬಿಡದೇ ಇದ್ರೆ, ಆಂಟಿಬಯಾಟಿಕ್ ಶುರು ಮಾಡೋ ಮುಂಚೆ ಬ್ಲಡ್ ಕಲ್ಚರ್ ಬೇಕಾ ಅಂತ ಕೇಳಿ, ಆಮೇಲೆ ರಕ್ತ ತೆಗೆದ್ರೆ ರೋಗಾಣು ಸಿಗದೇ ಹೋಗ್ಬಹುದು.

ಲಸಿಕೆ ಯಾವುದನ್ನೂ ಬಿಡ್ಬೇಡಿ. "ಹಾರ್ಟ್ ಮಗು, ಇಂಜೆಕ್ಷನ್ ತಡೆಯಲ್ಲ" ಅನ್ನೋದು ತಪ್ಪು, ನ್ಯುಮೋನಿಯಾ ಬಂದ್ರೆ ತಡೆಯಲ್ಲ ಅನ್ನೋದು ಸರಿ. ನ್ಯುಮೋಕಾಕಲ್ ಲಸಿಕೆ ಈಗ ಸರ್ಕಾರಿ ಪಟ್ಟೀಲೇ ಇದೆ, ಆರು ತಿಂಗಳ ಮೇಲೆ ವರ್ಷಕ್ಕೊಂದು ಫ್ಲೂ ಲಸಿಕೆ ಬಗ್ಗೆ ಕೇಳಿ, ಮಳೆಗಾಲ ಶುರುವಾಗೋ ಮುಂಚೆ ಹಾಕ್ಸಿ.

ಇನ್ನು ಹೊಗೆ. ಬಾಣಂತಿ ಕೋಣೇಲಿ ಕೆಂಡ ಇಡೋದು, ಸ್ನಾನ ಆದ್ಮೇಲೆ ಸಾಂಬ್ರಾಣಿ ಹಾಕಿ ಮಗೂನ ಅದರ ಮೇಲೆ ಹಿಡಿಯೋದು, ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸೋದು, ಇದೆಲ್ಲ ನಮ್ಮ ಮಳೆಗೆ ಹುಟ್ಟಿದ ರೂಢಿ, ತಪ್ಪು ಅನ್ನೋಕಾಗಲ್ಲ, ಆದ್ರೆ ಮೊದಲೇ ಉಸಿರಿಗೆ ಒದ್ದಾಡೋ ಮಗು ಆ ಕೋಣೇಲಿ ಬೇಡ. ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಟ್ರೆ ಅದ್ರಿಂದ ಬರೋ ವಿಷದ ಗಾಳಿ ದೊಡ್ಡವರನ್ನೂ ನಿದ್ದೇಲೇ ಕೊಲ್ಲುತ್ತೆ. ಬೆಚ್ಚಗಿಡೋಕೆ ಟೋಪಿ, ಕಾಲ್ಚೀಲ, ತಾಯಿ ಮೈ ಸಾಕು. ಬೀಡಿ ಸಿಗರೇಟ್ ಸೇದೋರು ಅಂಗಳಕ್ಕೆ ಹೋಗ್ಲಿ, ಮಳೆ ಬಂದ್ರೂ ಹೋಗ್ಲಿ.

ಮಳೆ ಮತ್ತೆ ರೋಡು

ಮೇ ಮುಗಿಯೋದ್ರೊಳಗೆ ಮಾಡ್ಕೊಳ್ಬೇಕಾದ್ದು: ಕಮ್ಮಿ ಅಂದ್ರೂ ಒಂದು ತಿಂಗಳಿಗಾಗೋಷ್ಟು ಔಷಧಿ (ಮಕ್ಕಳ ಹಾರ್ಟ್ ಔಷಧಿ ಹಳ್ಳಿ ಮೆಡಿಕಲ್ ಶಾಪಲ್ಲಿ ಸಿಗಲ್ಲ, ಮಡಿಕೇರಿ ಕುಶಾಲನಗರದಲ್ಲೂ ಮೊದಲೇ ಹೇಳಿ ತರಿಸ್ಬೇಕಾಗ್ಬಹುದು), ಪವರ್ ಬ್ಯಾಂಕ್, ಟಾರ್ಚು, ರಾತ್ರಿ ಕರೆದ್ರೂ ಬರೋ ಜೀಪ್ ಡ್ರೈವರ್ ಇಬ್ಬರ ನಂಬರ್. ಒಬ್ಬರದ್ದು ಸಾಲಲ್ಲ. ಮನೆಯಿಂದ ಎಲ್ಲಿ ನಿಂತ್ರೆ ನೆಟ್‌ವರ್ಕ್ ಸಿಗುತ್ತೆ ಅನ್ನೋದು ಮನೇಲಿ ಎಲ್ಲರಿಗೂ ಗೊತ್ತಿರ್ಲಿ, ಕರೆಂಟ್ ಎರಡು ದಿನ ಹೋದ್ರೆ ಟವರ್ರೂ ಹೋಗುತ್ತೆ. ಎಕೋ ರಿಪೋರ್ಟ್, ಔಷಧಿ ಚೀಟಿ ಎಲ್ಲದರ ಫೋಟೋ ಫೋನಲ್ಲಿ, ಒರಿಜಿನಲ್ ಪ್ಲಾಸ್ಟಿಕ್ ಕವರಲ್ಲಿ. ಎಮರ್ಜೆನ್ಸಿಗೆ ಮೊದಲು ಹತ್ತಿರದ ತಾಲೂಕು ಆಸ್ಪತ್ರೆ, ಇಲ್ಲಾ ಮಡಿಕೇರಿ ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ ಹೋಗಿ, ಅಲ್ಲಿ ಮಗೂನ ಒಂದು ಸ್ಥಿತಿಗೆ ತಂದು ಮುಂದಕ್ಕೆ ಕಳಿಸ್ತಾರೆ, ಸೀದಾ ಮೈಸೂರಿಗೇ ಅಂತ ಹಠ ಬೇಡ. ಆದ್ರೆ ಉಸಿರಿನ ಲೆಕ್ಕ ಏರ್ತಾ ಇದೆ, ಹೊರಗೆ ಎರಡು ದಿನದಿಂದ ಮಳೆ ಬಿಟ್ಟಿಲ್ಲ ಅನ್ನೋ ಹೊತ್ತಲ್ಲಿ "ನಾಳೆ ಬೆಳಗ್ಗೆ ನೋಡೋಣ" ಅನ್ಬೇಡಿ, ಹಗಲಿದ್ದಾಗ್ಲೇ, ರೋಡ್ ಇದ್ದಾಗ್ಲೇ ಇಳಿದುಬಿಡಿ. ನೆಂಟರ ಮನೆ ಕುಶಾಲನಗರದಲ್ಲೋ ಮೈಸೂರಲ್ಲೋ ಇದ್ರೆ ಜೋರು ಮಳೆ ವಾರ ಅಲ್ಲೇ ಇರೋದು ನಾಚಿಕೆ ವಿಷಯ ಅಲ್ಲ.

ಹೊರಡೋ ಮುಂಚೆ ತಿರುವುಗಳಲ್ಲಿ ಕಕ್ಕೋ ಮಗೂಗೆ ಹೊಟ್ಟೆ ಬಿರಿಯ ಕುಡಿಸ್ಬೇಡಿ, ಸ್ವಲ್ಪ ಸ್ವಲ್ಪ, ದಾರೀಲಿ ನಿಲ್ಲಿಸಿ ನಿಲ್ಲಿಸಿ. ಆಪರೇಷನ್ ತಾರೀಕಿಗೆ ಹೋಗೋದಾದ್ರೆ ಹಿಂದಿನ ದಿನ ಮಗೂಗೆ ಶೀತ, ಜ್ವರ, ಭೇದಿ ಏನಿದ್ರೂ ಫೋನಲ್ಲಿ ಹೇಳಿ, ಅಷ್ಟು ದೂರ ಹೋದ್ಮೇಲೆ ಕೆಲವು ವಾರ ಮುಂದೂಡಿ ವಾಪಸ್ ಕಳಿಸಿದ್ರೆ ಯಾರಿಗೆ ಬೇಕು.

ದುಡ್ಡು

ಇದನ್ನ ಕೇಳೋಕೆ ಸಂಕೋಚ ಪಟ್ಟು ಎಷ್ಟೋ ಜನ ತೋಟ ಅಡ ಇಡ್ತಾರೆ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅಂದ್ರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಾಗಿಂದ 18 ವರ್ಷದವರೆಗಿನ ಮಕ್ಕಳ ಹುಟ್ಟು ಹಾರ್ಟ್ ದೋಷಾನೂ ಸೇರಿದೆ, ಅಂಗನವಾಡಿಗೆ ಸ್ಕೂಲಿಗೆ ಬರೋ ಡಾಕ್ಟ್ರ ಟೀಮ್ ಅದೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿದ್ರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷದವರೆಗೆ. ಎಮರ್ಜೆನ್ಸಿ ಅಲ್ದಿದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಅದನ್ನ ಮಡಿಕೇರೀಲಿ ಮೊದಲು ತಗೊಂಡು ಆಮೇಲೆ ಬಸ್ ಹತ್ತಿ. ಲೈನ್ ಮನೇಲಿ (ತೋಟದ ಕಾರ್ಮಿಕರ ಸಾಲು ಮನೆ) ಇರೋ ಹೊರ ರಾಜ್ಯದವರ ಮಕ್ಕಳಿಗೆ ಅವರ ಊರಿನ ಆಯುಷ್ಮಾನ್ ಕಾರ್ಡ್ ಇಲ್ಲೂ ನಡೆಯುತ್ತೆ, ತೋಟದ ಲೆಕ್ಕ ಬರೆಯೋ ರೈಟ್ರುಗಳು ಇದನ್ನ ಅವರಿಗೆ ತಿಳಿಸಿದ್ರೆ ಪುಣ್ಯ ಬರುತ್ತೆ. ಮೈಸೂರಲ್ಲೂ ಬೆಂಗಳೂರಲ್ಲೂ ಜಯದೇವ ಅನ್ನೋ ಸರ್ಕಾರಿ ಹಾರ್ಟ್ ಆಸ್ಪತ್ರೆ ಇದೆ, ಬೆಂಗಳೂರು ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೇಲಿ 2001ರಿಂದ ಹಾರ್ಟ್ ಆಪರೇಷನ್ ಪೂರ್ತಿ ಉಚಿತ. ಯಾವುದೇ ಕಡೆ ಹೋದ್ರೂ ಕೇಳ್ಬೇಕಾದ್ದು, ನನ್ನ ಮಗೂಗಿರೋ ಈ ದೋಷಕ್ಕೆ, ಈ ತೂಕದ ಮಗೂಗೆ ಇಲ್ಲಿ ಮಾಡ್ತೀರಾ ಅಂತ.

ಆಪರೇಷನ್ ಆದ್ಮೇಲೆ

ಎದೆ ಮೂಳೆ ಕೂಡೋಕೆ ಆರರಿಂದ ಎಂಟು ವಾರ. ಅಲ್ಲಿವರೆಗೆ ಕಂಕುಳಲ್ಲಿ ಕೈ ಹಾಕಿ ಎತ್ತೋ ಹಾಗಿಲ್ಲ, ಕೈ ಹಿಡಿದು ಎಳೆಯೋ ಹಾಗಿಲ್ಲ, ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಕುಂಡೆ ಕೆಳಗೆ ಹಾಕಿ ಬಾಚಿ ಎತ್ಬೇಕು. ಮಗು ನೋಡೋಕೆ ಬರೋ ನೆಂಟರು ಬಾಗಿಲಲ್ಲೇ "ಬಾ ಬಂಗಾರಿ" ಅಂತ ಕಂಕುಳಿಗೇ ಕೈ ಹಾಕೋದು, ಅದಕ್ಕೆ ತೊಟ್ಟಿಲ ಪಕ್ಕ ಚೀಟಿ ಅಂಟಿಸಿದ್ರೂ ತಪ್ಪಿಲ್ಲ. ಗಾಯ ಒಣಗಿರ್ಬೇಕು, ಅರಿಶಿನ, ಕೊಬ್ಬರಿ ಎಣ್ಣೆ, ಸೊಪ್ಪಿನ ರಸ ಯಾವುದೂ ಡಾಕ್ಟ್ರು ಹೇಳೋ ತನಕ ಹಚ್ಬೇಡಿ, ಎಣ್ಣೆ ಸ್ನಾನ ಆಮೇಲೆ. ಗಾಯ ಕೆಂಪಾಗಿ ಕೀವು ಬಂದ್ರೆ, ಜ್ವರ ಬಂದ್ರೆ, ಮನೆಗೆ ಬಂದು ವಾರ ಎರಡು ವಾರ ಆದ್ಮೇಲೂ ಮಗು ಮತ್ತೆ ಏದುಸಿರು ಬಿಟ್ಟು ಕಕ್ಕಿ ಊಟ ಬಿಟ್ರೆ ಕಾಯ್ಬೇಡಿ, ಹಾರ್ಟಿನ ಸುತ್ತ ನೀರು ತುಂಬೋದೂ ಉಂಟು. ಆಸ್ಪಿರಿನ್ ಕೊಟ್ಟಿರೋ ಮಗೂಗೆ ಸೀತಾಳೆ ಸಿಡುಬು, ಫ್ಲೂ ಬಂದ್ರೆ ತಕ್ಷಣ ತಿಳಿಸಿ.

ಸ್ಕೂಲಿಗೆ ಸೇರಿಸೋವಾಗ ಟೀಚರ್‌ಗೆ ಒಂದು ಪುಟದಲ್ಲಿ ಬರೆದುಕೊಡಿ, ಆಟಕ್ಕೆ ಬಿಡ್ಬಹುದಾ ಅಂತ ಡಾಕ್ಟ್ರ ಸಹಿ ಇರೋದಾದ್ರೆ ಇನ್ನೂ ಒಳ್ಳೇದು. ಹೆಚ್ಚಿನ ಮಕ್ಕಳು ತಮಗೆ ಸುಸ್ತಾದಾಗ ತಾವೇ ನಿಲ್ತಾರೆ, ಓಡು ಅಂತ ಒತ್ತಾಯನೂ ಬೇಡ, ಕೂತ್ಕೋ ಅಂತ ಕಟ್ಟಿಹಾಕೋದೂ ಬೇಡ. ನನ್ನ ಮಗಳು ಹಾಕಿ ಸ್ಟಿಕ್ ಹಿಡ್ಕೊಂಡೇ ತಿರುಗ್ತಾಳೆ, ಕೊಡಗಲ್ವಾ.

"ಗ್ರಹಣದಲ್ಲಿ ಆಚೆ ಹೋಗಿದ್ಯಾ", "ಬಸುರಿ ಇದ್ದಾಗ ಏನು ತಿಂದಿದ್ದೆ" ಅಂತ ತಾಯೀನ ಕೇಳೋರು ಇದ್ದೇ ಇರ್ತಾರೆ. ಹೆಚ್ಚಿನ ಮಕ್ಕಳಲ್ಲಿ ಕಾರಣ ಇಂಥದ್ದೇ ಅಂತ ಹೇಳೋಕಾಗಲ್ಲ, ಬಸುರಿಯ ಹತೋಟಿ ತಪ್ಪಿದ ಶುಗರ್, ಮೊದಲ ತಿಂಗಳುಗಳಲ್ಲಿ ರುಬೆಲ್ಲಾ, ಕೆಲವು ಔಷಧಿ, ಡೌನ್ ಸಿಂಡ್ರೋಮ್ ಥರದ ಕ್ರೋಮೋಸೋಮ್ ವ್ಯತ್ಯಾಸ ಇವು ಕೆಲವರಲ್ಲಿ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಇನ್ನೊಂದು ಮಗು ಬೇಕು ಅಂತಿದ್ರೆ, ಒಂದು ಮಗೂಗೆ ದೋಷ ಇದ್ದಾಗ ಮುಂದಿನದಕ್ಕೆ ಬರೋ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ಆದ್ರೂ ಹೆಚ್ಚಿನವು ಸರಿಯಾಗೇ ಹುಟ್ಟುತ್ತವೆ. ಬಸುರಿಗೆ ಮುಂಚೇನೇ ಫೋಲಿಕ್ ಆಸಿಡ್ ಶುರು ಮಾಡಿ, 18ರಿಂದ 22 ವಾರದೊಳಗೆ ಹೊಟ್ಟೇಲಿರೋ ಮಗೂನ ಹಾರ್ಟ್ ನೋಡೋ ಫೀಟಲ್ ಎಕೋ ಮಾಡಿಸಿ. ತಾಯಿ ಕಾರ್ಡಲ್ಲಿ ಮೊದಲ ಮಗೂದು ಬರೆಸಿದ್ರೆ ಕೇಳೋದು ಸುಲಭ, ಏನಾದ್ರೂ ಕಂಡ್ರೆ ಹೆರಿಗೇನೇ ಮಕ್ಕಳ ಹಾರ್ಟ್ ಡಾಕ್ಟ್ರಿರೋ ಊರಲ್ಲಿ ಇಟ್ಕೊಳ್ಬಹುದು, ಹೆರಿಗೆ ತಿಂಗಳು ಜುಲೈ ಆಗಸ್ಟ್ ಆಗಿದ್ರಂತೂ ಕೊನೇ ಕೆಲವು ವಾರ ಅಲ್ಲೇ ಹೋಗಿ ಉಳ್ಕೊಳ್ಳಿ.